ತಟ್ಟೆಗೂ ಬೇಕು ಎನ್‌ಪಿಕೆ ಲೆಕ್ಕ: ಮುದ್ದೆ ಜೊತೆ ಕಾಳು, ಸೊಪ್ಪು, ಎಣ್ಣೆಕಾಳು ಸೇರಿದರೆ ಶುಗರ್ ಏನಾಗುತ್ತೆ?

ಈ ವಾರ ತೋಟದಿಂದ ಸೀದಾ ಅಡುಗೆಮನೆಗೆ ಹೋಗೋಣ. ಕಾರಣ ಇದೆ. ಕುಣಿಗಲ್ ಹತ್ತಿರದ ನಮ್ಮ ತೋಟ ನೋಡೋಕೆ ಬರುವವರು ಜೀವಾಮೃತದ ಬಗ್ಗೆ ಒಂದು, ತೆಂಗಿನ ನುಸಿ ಬಗ್ಗೆ ಒಂದು ಪ್ರಶ್ನೆ ಕೇಳಿದ ಮೇಲೆ ಹೊರಡುವಾಗ ಗೇಟಿನ ಹತ್ತಿರ ನಿಂತು ಮೂರನೆಯದನ್ನು ಕೇಳ್ತಾರೆ: "ಶುಗರ್‌ಗೆ ಯಾವ ಸಿರಿಧಾನ್ಯ ಒಳ್ಳೇದು ಹೇಳಿ?" ಕೇಳೋರ ವಯಸ್ಸು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಇದೆ. ಮೊನ್ನೆ ಕೇಳಿದವರಿಗೆ ನನಗಿಂತ ಎರಡು ವರ್ಷ ಕಡಿಮೆ.

ಯಾವ ಧಾನ್ಯ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ರುಚಿಸೋದಿಲ್ಲ. ಧಾನ್ಯ ಯಾವುದೇ ಇರಲಿ, ಅದರ ಪಕ್ಕದಲ್ಲಿ ಏನಿದೆ, ಎಷ್ಟಿದೆ ಅನ್ನೋದೇ ದೊಡ್ಡ ವಿಷಯ ಅಂತೀನಿ. ಹೊಲದ ಭಾಷೆಯಲ್ಲಿ ಹೇಳಬೇಕಂದ್ರೆ, ಗಿಡಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ ಮೂರು ಪ್ರಧಾನ ಪೋಷಕಾಂಶ ಇದ್ದ ಹಾಗೆ ನಮ್ಮ ದೇಹಕ್ಕೂ ಮೂರಿವೆ: ಪಿಷ್ಟ, ಪ್ರೋಟೀನ್, ಕೊಬ್ಬು. ಬರೀ ಯೂರಿಯಾ ಎರಚಿ ಬೆಳೆದ ರಾಗಿ ಹೇಗೆ ಹುಲುಸಾಗಿ ಬೆಳೆದು ಗಾಳಿಗೆ ಮಲಗುತ್ತೋ, ಬರೀ ಪಿಷ್ಟದ ಮೇಲೆ ಬೆಳೆದ ದೇಹದ ಕತೆಯೂ ಹೆಚ್ಚು ಕಡಿಮೆ ಅದೇ. ಸಾವಯವದವನು ಯೂರಿಯಾ ಉದಾಹರಣೆ ಕೊಡ್ತಾನಲ್ಲ ಅಂತ ನಗಬೇಡಿ, ಮುಂದೆ ಇನ್ನೊಂದು ಬರುತ್ತೆ.

ಮೊದಲು ಎಷ್ಟು ದೊಡ್ಡ ಸಮಸ್ಯೆ ಅನ್ನೋದು ತಿಳಿದಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದೇಶದಾದ್ಯಂತ ಮಾಡಿಸಿದ ಇಂಡಿಯಾಬ್ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು 10.1 ಕೋಟಿ, ಕಾಯಿಲೆಯ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಅದೇ ಸಮೀಕ್ಷೆಯ ಊಟದ ಲೆಕ್ಕ 2025ರಲ್ಲಿ ಪ್ರಕಟವಾಯಿತು. ನಮ್ಮ ಜನ ತಿನ್ನುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತೆ, ಪ್ರೋಟೀನ್‌ನಿಂದ ಬರೋದು ಬರೀ 12. ಅದರಲ್ಲಿ ನನ್ನ ಗಮನ ಸೆಳೆದದ್ದು ಬೇರೆಯೇ ಒಂದು ಮಾತು. ಪಿಷ್ಟದ ಪ್ರಮಾಣ ಅಷ್ಟೇ ಇಟ್ಟುಕೊಂಡು ಬಿಳಿ ಅಕ್ಕಿ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಿಂದವರಲ್ಲಿ ಕಾಯಿಲೆಯ ಸಾಧ್ಯತೆ ಕಡಿಮೆ ಕಾಣಲಿಲ್ಲ. ಪಿಷ್ಟದ ಪಾಲಿನಲ್ಲಿ ಒಂದು ಸಣ್ಣ ಭಾಗ, ದಿನದ ಶಕ್ತಿಯಲ್ಲಿ ನೂರಕ್ಕೆ 5ರಷ್ಟು, ಕಾಳು ಅಥವಾ ಹಾಲು ಮೊಸರಿನ ಪ್ರೋಟೀನ್‌ಗೆ ಬದಲಾದಾಗ ಕಡಿಮೆ ಕಂಡಿತು.

ರಾಗಿ ಬೆಳೆದು ಮಾರುವ ನನಗೆ ಇದು ವ್ಯಾಪಾರಕ್ಕೆ ಒಳ್ಳೆ ಸುದ್ದಿ ಅಲ್ಲ. ಆದರೆ ವಿಷಯ ಇರೋದು ಹೀಗೆ. ರಾಗಿಯಲ್ಲಿ ನಾರಿದೆ, 100 ಗ್ರಾಂಗೆ ಸುಮಾರು 11 ಗ್ರಾಂ. ಕ್ಯಾಲ್ಸಿಯಂ 360 ಮಿಲಿಗ್ರಾಂ ಮೇಲಿದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಒಳ್ಳೆ ಧಾನ್ಯ, ಎರಡು ಮಾತಿಲ್ಲ. ಆದರೂ ಅದರಲ್ಲಿ 67 ಗ್ರಾಂ ಪಿಷ್ಟ ಇದೆ, ಪ್ರೋಟೀನ್ 7 ಗ್ರಾಂ ಅಷ್ಟೇ. ಅದನ್ನೇ ಮಿಲ್ಲಿನಲ್ಲಿ ಪೌಡರಿನಂತೆ ನುಣ್ಣಗೆ ಬೀಸಿಸಿ, ಗಂಜಿ ಕಾಯಿಸಿ, ಬೆಲ್ಲ ಹಾಕಿ "ಶುಗರ್‌ಗೆ ಮಾಲ್ಟ್" ಅಂತ ಕುಡಿದರೆ ಅದು ರಕ್ತಕ್ಕೆ ಇಳಿಯೋಕೆ ಹೆಚ್ಚು ಹೊತ್ತು ಬೇಡ. ನನ್ನ ಪ್ಯಾಕೆಟ್ ಮೇಲೆ "ಮಧುಮೇಹಿಗಳಿಗೆ ಉತ್ತಮ" ಅಂತ ಹಾಕಿಸಿ ಅಂತ ಇಬ್ಬರು ಅಂಗಡಿಯವರು ಹೇಳಿದ್ದಾರೆ. ಹಾಕಿಸಿಲ್ಲ.

ನಮ್ಮ ಊಟದ ಒಳಗೆ ಏನಿದೆ

ನಮ್ಮ ಕಡೆಯ ಒಂದು ಸಾಮಾನ್ಯ ಮಧ್ಯಾಹ್ನದ ಊಟ ತಗೊಳ್ಳಿ. ಎರಡು ಮುದ್ದೆ, ಒಂದೊಂದಕ್ಕೆ 100 ಗ್ರಾಂ ಹಿಟ್ಟು. ಮೇಲೆ ಒಂದು ಹಿಡಿ ಅನ್ನ, ಅಕ್ಕಿ ಲೆಕ್ಕದಲ್ಲಿ 75 ಗ್ರಾಂ. ಎರಡಕ್ಕೂ ತೆಳು ಸಾರು, ತಲೆಗೆ ಹೆಚ್ಚೆಂದರೆ 15 ಗ್ರಾಂ ಬೇಳೆ ಬಂದೀತು. ಕೂಡಿದರೆ ಸುಮಾರು 200 ಗ್ರಾಂ ಪಿಷ್ಟ, 23 ಗ್ರಾಂ ಪ್ರೋಟೀನ್. ಊಟದ ಶಕ್ತಿಯಲ್ಲಿ ನೂರಕ್ಕೆ 85ರಷ್ಟು ಪಿಷ್ಟದ್ದೇ. ಬೆಳಗ್ಗೆ ಚಿತ್ರಾನ್ನ, ಹನ್ನೊಂದಕ್ಕೆ ಟೀ ಬಿಸ್ಕತ್ತು, ಸಂಜೆ ಮತ್ತೆ ಟೀ, ರಾತ್ರಿ ಮತ್ತೆ ಮುದ್ದೆ ಅನ್ನ ಸೇರಿಸಿಕೊಳ್ಳಿ.

"ನಮ್ಮ ತಾತ ಮೂರು ಮುದ್ದೆ ಉಣ್ತಿದ್ದ, ಎಂಬತ್ತು ವರ್ಷ ಬದುಕ್ದ, ಶುಗರ್ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ." ಈ ಮಾತಿಗೆ ಉತ್ತರ ಹೇಳದೆ ಮುಂದೆ ಹೋಗೋ ಹಾಗಿಲ್ಲ. ತಾತ ಬೆಳಗಿನಿಂದ ಎತ್ತಿನ ಹಿಂದೆ ನಡೆಯುತ್ತಿದ್ದರು. ಏತ ಹೊಡೆಯುತ್ತಿದ್ದರು, ಕಣದಲ್ಲಿ ರೋಣಗಲ್ಲು ಎಳೆಸುತ್ತಿದ್ದರು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಇನ್ಸುಲಿನ್ ಹೆಚ್ಚು ಬೇಡದೆಯೇ ಎಳೆದುಕೊಳ್ಳುತ್ತೆ. ನಾವು ಟ್ರಾಕ್ಟರಿನವನಿಗೆ ಫೋನ್ ಮಾಡ್ತೀವಿ, ಮೋಟರ್ ಅನ್ನು ಮೊಬೈಲಿನಲ್ಲೇ ಆನ್ ಮಾಡ್ತೀವಿ, ಹೊಲಕ್ಕೆ ಬೈಕಿನಲ್ಲಿ ಹೋಗ್ತೀವಿ. ಮುದ್ದೆ ಮಾತ್ರ ತಾತನ ಕಾಲದ್ದೇ. ಇನ್ನೊಂದು ವಿಷಯ, ತಾತನ ಮುದ್ದೆಯ ಪಕ್ಕದಲ್ಲಿ ಇದ್ದದ್ದು ಇವತ್ತು ಇಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಇನ್ಸುಲಿನ್ ಮಾಡುವ ಕೆಲಸ

ಪಿಷ್ಟ ಹೊಟ್ಟೆ ದಾಟಿ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತ ಸೇರುತ್ತೆ. ಅದು ಏರುತ್ತಿದ್ದ ಹಾಗೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತೆ. ಇನ್ಸುಲಿನ್ ಸ್ನಾಯುವಿಗೆ, ಯಕೃತ್ತಿಗೆ, ಕೊಬ್ಬಿನ ಕೋಶಕ್ಕೆ "ತಗೊಂಡು ಒಳಗಿಡಿ" ಅಂತ ಹೇಳುತ್ತೆ. ಜೊತೆಗೆ "ಕೂಡಿಟ್ಟ ಕೊಬ್ಬನ್ನು ಈಗ ಹೊರಗೆ ಬಿಡಬೇಡಿ" ಅಂತಲೂ ಹೇಳುತ್ತೆ. ಉಗ್ರಾಣದ ಬಾಗಿಲು ಒಳಗೆ ಹಾಕೋಕೆ ಮಾತ್ರ ತೆಗೆದಿರುತ್ತೆ. ಇದು ಕೆಟ್ಟದ್ದಲ್ಲ, ದೇಹ ಇರಬೇಕಾದದ್ದೇ ಹಾಗೆ. ಎಡವಟ್ಟಾಗೋದು ದಿನಕ್ಕೆ ಐದಾರು ಸಲ, ಪ್ರತಿ ಸಲವೂ ಜೋರಾಗಿ ಸಕ್ಕರೆ ಏರಿ, ಪ್ರತಿ ಸಲವೂ ಇನ್ಸುಲಿನ್ ಸುರಿಯಬೇಕಾಗಿ ಬಂದಾಗ. ಖರ್ಚಾಗದೆ ಉಳಿದದ್ದನ್ನು ಯಕೃತ್ತು ಕೊಬ್ಬು ಮಾಡಿ ಇಡುತ್ತೆ. ಹೊಟ್ಟೆಯ ಸುತ್ತ, ಯಕೃತ್ತಿನ ಒಳಗೇ ಕೊಬ್ಬು ತುಂಬುತ್ತಾ ಹೋದರೆ ಕೋಶಗಳು ಇನ್ಸುಲಿನ್ ಮಾತು ಕೇಳೋದನ್ನು ಕಡಿಮೆ ಮಾಡ್ತವೆ. ಆಗ ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಇನ್ಸುಲಿನ್ ಬೇಕು. ಒಂದು ದಿನ ಗ್ರಂಥಿಗೆ ಸುಸ್ತಾಗುತ್ತೆ.

"ನಾನು ಸಣ್ಣಗಿದ್ದೀನಲ್ಲ, ನನಗೇನು?" ಅನ್ನೋರಿಗೆ ಒಂದು ಪ್ರಸಿದ್ಧ ಉದಾಹರಣೆ. ಪುಣೆಯ ವೈದ್ಯ ಡಾ. ಯಾಜ್ಞಿಕ್ ಮತ್ತು ಅವರ ಇಂಗ್ಲೆಂಡಿನ ಸಹೋದ್ಯೋಗಿ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, ಬಿಎಂಐ 22.3. ಆದರೆ ಮೈಯಲ್ಲಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದ್ದು ನೂರಕ್ಕೆ 9.1, ಯಾಜ್ಞಿಕ್ ಅವರದ್ದು 21.2. ನಾವು ಭಾರತೀಯರು ಸಣ್ಣಗೆ ಕಂಡರೂ ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅದಕ್ಕೇ ತೂಕದ ಯಂತ್ರಕ್ಕಿಂತ ಟೇಲರ್ ಟೇಪು ನಂಬಿ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಪಂಚೆ ಕಟ್ಟೋರಿಗೆ ಹೊಟ್ಟೆ ಬಂದದ್ದು ಗೊತ್ತೇ ಆಗೋದಿಲ್ಲ, ಪ್ಯಾಂಟಿನವರಿಗೆ ಬೆಲ್ಟಿನ ತೂತಾದರೂ ಹೇಳುತ್ತೆ.

ಬೆರಕೆ ಮಾಡಿದಾಗ ಆಗುವ ವ್ಯತ್ಯಾಸ

ಬೇವು ಲೇಪಿತ ಯೂರಿಯಾ ಗೊತ್ತಲ್ಲ. ಒಳಗಿರೋ ಸಾರಜನಕ ಅಷ್ಟೇ, ಆದರೆ ಮೇಲಿನ ಲೇಪನದಿಂದ ನಿಧಾನಕ್ಕೆ ಸಿಗುತ್ತೆ, ಗಿಡಕ್ಕೆ ದಕ್ಕುತ್ತೆ, ಸೋರಿ ಹೋಗೋದು ಕಡಿಮೆ. ಪಿಷ್ಟಕ್ಕೆ ಪ್ರೋಟೀನ್, ನಾರು, ಕೊಬ್ಬು ಜೊತೆಯಾದಾಗಲೂ ಇಂಥದ್ದೇ ಕೆಲಸ ಆಗುತ್ತೆ. ಪ್ರೋಟೀನ್ ಮತ್ತು ಕೊಬ್ಬು ಕರುಳು ತಲುಪಿದಾಗ ಅಲ್ಲಿಂದ ಕೆಲವು ಹಾರ್ಮೋನು ಹೊರಟು, ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತವೆ, ಸಾಕು ಅನ್ನೋ ತೃಪ್ತಿಯನ್ನೂ ಕೊಡುತ್ತವೆ. ಸೊಪ್ಪು ಕಾಳಿನ ನಾರು ಪಿಷ್ಟ ಒಡೆಯುವ ಕೆಲಸಕ್ಕೆ ಅಡ್ಡ ನಿಲ್ಲುತ್ತೆ. ಸಕ್ಕರೆ ಏರುತ್ತೆ, ಆದರೆ ಗುಡ್ಡದ ಹಾಗಲ್ಲ, ದಿಬ್ಬದ ಹಾಗೆ.

ಯಾವುದನ್ನು ಮೊದಲು ತಿಂತೀವಿ ಅನ್ನೋದೂ ಮುಖ್ಯ. ಅಮೆರಿಕದ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ 11 ಜನ ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ದಿನ ಕೊಟ್ಟರು. ಒಂದು ದಿನ ಬ್ರೆಡ್ಡು ಜ್ಯೂಸು ಮೊದಲು, ಇನ್ನೊಂದು ದಿನ ತರಕಾರಿ ಮತ್ತು ಕೋಳಿ ಮೊದಲು, ಬ್ರೆಡ್ಡು ಕೊನೆಗೆ. ಎರಡನೇ ದಿನ ಒಂದು ಗಂಟೆಯ ಹೊತ್ತಿಗೆ ಗ್ಲೂಕೋಸ್ ಸುಮಾರು ನೂರಕ್ಕೆ 37ರಷ್ಟು ಕಡಿಮೆ ಇತ್ತು, ಇನ್ಸುಲಿನ್ ಕೂಡ ಕಡಿಮೆ ಇತ್ತು. ಹನ್ನೊಂದೇ ಜನ, ನಿಜ. ಆದರೆ ಮಾಡೋಕೆ ಖರ್ಚಿಲ್ಲದ ಉಪಾಯ.

ಕಾಳಿನ ಇನ್ನೊಂದು ಗುಣವನ್ನು ಕೆನಡಾದ ಡೇವಿಡ್ ಜೆಂಕಿನ್ಸ್ 1980ರ ದಶಕದ ಆರಂಭದಲ್ಲೇ ತೋರಿಸಿದ್ದರು. ಆಹಾರಕ್ಕೆ ಗ್ಲೈಸೆಮಿಕ್ ಇಂಡೆಕ್ಸ್ ಅನ್ನೋ ಅಳತೆ ತಂದವರೂ ಅವರ ತಂಡವೇ. ಬೆಳಗ್ಗೆ ಬೇಳೆ ತಿಂದವರಿಗೆ ಮಧ್ಯಾಹ್ನದ ಊಟದ ನಂತರದ ಸಕ್ಕರೆಯೂ ಕಡಿಮೆ ಏರಿತು. ಹಿಂದಿನ ಬೆಳೆಯ ದ್ವಿದಳ ಮುಂದಿನ ಬೆಳೆಗೂ ಸಾರಜನಕ ಬಿಟ್ಟು ಹೋಗುತ್ತಲ್ಲ, ಹಾಗೆ ಅಂದುಕೊಳ್ಳಿ.

ಈಗ ನಮ್ಮ ಬಸ್ಸಾರಿಗೆ ಬನ್ನಿ. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಕಟ್ಟಿನಿಂದ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಇದಕ್ಕಿಂತ ಚೆನ್ನಾಗಿ ಮೂರು ಪೋಷಕಾಂಶ ಸೇರಿಸುವ ಅಡುಗೆ ನನಗೆ ಗೊತ್ತಿಲ್ಲ. ಆದರೆ ಉಣ್ಣೋದು ಹೇಗೆ? ಮುದ್ದೆಯನ್ನು ಸಾರಿಗೆ ಅದ್ದಿ ನುಂಗ್ತಾ ಹೋಗ್ತೀವಿ, ಪಲ್ಯ ತಟ್ಟೆಯ ಮೂಲೆಯಲ್ಲಿ ಉಪ್ಪಿನಕಾಯಿ ಹಾಗೆ ಒಂದು ಚಮಚ. ಕಾಳಿನ ಸತ್ವದ ಬಹುಪಾಲು ಪಲ್ಯದಲ್ಲೇ ಉಳಿದಿರುತ್ತೆ. ಅದನ್ನು ಒಂದು ಬಟ್ಟಲು ತುಂಬ ಹಾಕಿಕೊಂಡು, ಮುದ್ದೆ ಮುರಿಯೋ ಮುಂಚೆ ಅರ್ಧ ತಿಂದು ಮುಗಿಸಿ. ಅಲ್ಲಿಗೆ ಅರ್ಧ ಕೆಲಸ ಆಯ್ತು.

ಮೇಲಿನ ಊಟವನ್ನೇ ತಿದ್ದಿ ನೋಡೋಣ. ಎರಡರ ಬದಲು ಒಂದು ಮುದ್ದೆ, ಅನ್ನ ಇಲ್ಲ. 50 ಗ್ರಾಂ ಒಣ ಅವರೆ ಅಥವಾ ಹುರುಳಿಯಿಂದ ಆದ ಪಲ್ಯ, ಅದರಲ್ಲಿ ಒಂದು ದೊಡ್ಡ ಹಿಡಿ ಸೊಪ್ಪು. ಒಂದು ಮೊಟ್ಟೆ, ಒಂದು ಬಟ್ಟಲು ಮೊಸರು, ಒಂದು ಚಮಚ ಕಡಲೆಕಾಯಿ ಚಟ್ನಿ. ಪಿಷ್ಟ 200ರಿಂದ ಸುಮಾರು 105 ಗ್ರಾಂಗೆ ಇಳಿಯಿತು, ಪ್ರೋಟೀನ್ 23ರಿಂದ 34ಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ 27, 28 ಸಿಗುತ್ತೆ. ಹೊಟ್ಟೆ ತುಂಬಿದೆ, ಒಟ್ಟು ಕ್ಯಾಲೊರಿ ಮಾತ್ರ ಮೊದಲಿಗಿಂತ ಕಡಿಮೆ.

ಬಾಗಲಕೋಟೆಯಲ್ಲಿ ತೋಟಗಾರಿಕೆ ಓದುವಾಗ ಖಾನಾವಳಿಯಲ್ಲಿ ಉಂಡದ್ದು ಈಗಲೂ ನೆನಪಾಗುತ್ತೆ. ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಕೆನೆ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆ, ಈರುಳ್ಳಿ. ರೊಟ್ಟಿ ಬರೋದು ತಡವಾದರೆ ಹಸಿ ಸೊಪ್ಪು ಸೌತೆ ತಿಂತಾ ಕೂರ್ತಿದ್ವಿ. ಅಮೆರಿಕದವರ ಪ್ರಯೋಗ ಅಲ್ಲಿ ದಿನಾ ನಡೀತಿತ್ತು, ಬರೆದಿಟ್ಟವರಿಲ್ಲ ಅಷ್ಟೇ. ಈಗ ಅಲ್ಲೂ ಕೊನೆಗೆ ಬರೋ ಅನ್ನದ ಗುಡ್ಡ ದೊಡ್ಡದಾಗ್ತಿದೆ ಅಂತ ಸ್ನೇಹಿತರು ಹೇಳ್ತಾರೆ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ಜೊತೆ ಬಂಗುಡೆ ಇದೆ, ಹುರುಳಿ ಸಾರಿದೆ. ಅವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ, ಗಂಜಿ ಕಡಿಮೆ, ಮೀನು ಜಾಸ್ತಿ ಅನ್ನೋದು ಬಿಟ್ಟರೆ.

ತುಪ್ಪ ಸುರಿದರೆ ಆಯ್ತಾ?

ಇಲ್ಲ. ಇಲ್ಲಿ ತುಂಬಾ ಜನ ಜಾರ್ತಾರೆ. ಕೊಬ್ಬು ಸೇರಿದರೆ ಶುಗರ್ ನಿಧಾನ ಏರುತ್ತೆ ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ದು ಕೇಳಿ ಎರಡೂ ಮುದ್ದೆ ಮೇಲೆ ಸೌಟಿನಲ್ಲಿ ತುಪ್ಪ ಹುಯ್ಕೊಂಡರೆ ಮೀಟರ್ ಒಂದು ಗಂಟೆ ಸುಮ್ಮನಿರಬಹುದು, ಸೊಂಟ ಸುಮ್ಮನಿರೋದಿಲ್ಲ. ಪಿಷ್ಟ, ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9. ಮೈ ಕೊಬ್ಬು ಕರಗಬೇಕಾದರೆ ಒಟ್ಟು ತಿನ್ನೋದು ಖರ್ಚಿಗಿಂತ ಕಡಿಮೆ ಇರಲೇಬೇಕು. ಇನ್ಸುಲಿನ್ ಒಂದನ್ನೇ ಹಿಡಿದು ಎಲ್ಲಾ ವಿವರಿಸೋರ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬೆರಕೆ ಊಟದ ದೊಡ್ಡ ಲಾಭ ಅಂದರೆ ಬೇಗ ಹಸಿವಾಗಲ್ಲ, ಹನ್ನೊಂದು ಗಂಟೆಯ ಬಿಸ್ಕತ್ತಿಗೆ ಕೈ ಹೋಗಲ್ಲ. ಹಾಗಾಗಿ ಕಾಳು, ಕಡಲೆಕಾಯಿ, ಮೊಸರು ಬರಬೇಕಾದ್ದು ಮುದ್ದೆ ಅನ್ನದ ಜಾಗಕ್ಕೆ, ಅದರ ಮೇಲಕ್ಕಲ್ಲ. ಒಂದು ಹಿಡಿ ಕಡಲೆಕಾಯಿ, 30 ಗ್ರಾಂ, 7 ಗ್ರಾಂ ಪ್ರೋಟೀನ್ ಕೊಡುತ್ತೆ ನಿಜ. ಅದರ ಜೊತೆ 150ಕ್ಕೂ ಹೆಚ್ಚು ಕ್ಯಾಲೊರಿಯೂ ಇದೆ. ಎಣಿಸಿ ತಿನ್ನಿ.

ಪಿಷ್ಟ, ಸಕ್ಕರೆ, ಕೊಬ್ಬು ಮೂರೂ ಸೇರಿ ಪ್ರೋಟೀನೂ ನಾರೂ ನಾಪತ್ತೆಯಾದ ಬೆರಕೆಯೂ ಇದೆ. ಅದರ ಹೆಸರು ಬೇಕರಿ.

ನಮ್ಮ ಸಾವಯವದ ಮಂದಿಗೂ ಒಂದು ಮಾತು. ಸಾವಯವ ಬೆಲ್ಲ, ಜೇನು, ಜೋನಿಬೆಲ್ಲ ಎಲ್ಲವೂ ಇನ್ಸುಲಿನ್ ಕಣ್ಣಿಗೆ ಸಕ್ಕರೆಯೇ. ಹಣ್ಣು ಬೆಳೆಯೋನಾಗಿ ಹೇಳ್ತೀನಿ, ಸೀಬೆಹಣ್ಣು ಕಚ್ಚಿ ತಿನ್ನಿ, ಸಪೋಟ ಮಾವು ಒಂದೆರಡು ಹೋಳಿಗೆ ನಿಲ್ಲಿಸಿ, ಜ್ಯೂಸ್ ಮಾಡಿ ನಾರು ಸೋಸಿ ಎಸೆಯಬೇಡಿ.

ದೊಡ್ಡಪ್ಪನ ಮೀಟರ್

ನಮ್ಮ ದೊಡ್ಡಪ್ಪನಿಗೆ ಅರವತ್ತೆರಡು, ಶುಗರ್ ಮಾತ್ರೆ ಶುರುವಾಗಿ ಎಂಟು ವರ್ಷ. ನಾನು ಪಲ್ಯದ ಬಟ್ಟಲು ಮುಂದಿಟ್ಟಾಗ "ಏನ್ ಮಗ, ಮುದ್ದೆ ಕಿತ್ಕೊಂಡು ದನ ತಿಂದಂಗೆ ಸೊಪ್ಪು ತಿನ್ನಿಸ್ತೀಯಾ?" ಅಂದರು. ವಾದ ಮಾಡಲಿಲ್ಲ. ಅವರದ್ದೇ ಗ್ಲೂಕೋಮೀಟರ್ ತಗೊಂಡು, ಒಂದೇ ಮಾತ್ರೆ, ಒಂದೇ ಹೊತ್ತು, ಹೆಚ್ಚು ಕಡಿಮೆ ಅದೇ ಕೆಲಸ ಇದ್ದ ಮೂರು ದಿನ ನೋಡಿದೆವು. ಎರಡು ಮುದ್ದೆ ತೆಳು ಸಾರಿನ ದಿನ, ಊಟವಾದ ಎರಡು ಗಂಟೆಗೆ 262. ಅವೇ ಎರಡು ಮುದ್ದೆ, ಆದರೆ ಮೊದಲು ಒಂದು ಬಟ್ಟಲು ಹುರುಳಿ ಸೊಪ್ಪಿನ ಪಲ್ಯ ತಿಂದ ದಿನ 221. ಪಲ್ಯ ಮೊದಲು, ಒಂದೇ ಮುದ್ದೆ, ಮೊಸರು, ಊಟವಾದ ಮೇಲೆ ತೆಂಗಿನ ತೋಟದಲ್ಲಿ ಕಾಲು ಗಂಟೆ ಸುತ್ತು ಹಾಕಿದ ದಿನ 178. ಇದು ಒಬ್ಬರ ಮನೆಯ ಮೂರು ದಿನದ ಲೆಕ್ಕ, ಸಂಶೋಧನೆ ಅಲ್ಲ. ಮೂರನೇ ದಿನದ ಕೀರ್ತಿಯನ್ನು ಕಾಳು, ಕಡಿಮೆ ಮುದ್ದೆ, ನಡಿಗೆ ಮೂವರೂ ಹಂಚಿಕೊಳ್ಳಬೇಕು. ಆದರೆ ದೊಡ್ಡಪ್ಪ ನನ್ನ ಮಾತು ನಂಬದಿದ್ದರೂ ಮೀಟರ್ ಮಾತು ನಂಬಿದರು. ನೀವೂ ಹಾಗೇ ನೋಡಿ. ಖರ್ಚು ನಾಲ್ಕೈದು ಸ್ಟ್ರಿಪ್ಪು.

ಅವರು ನಂಬೋಕೆ ಇನ್ನೊಂದು ಕಾರಣವೂ ಇತ್ತು. ಪಕ್ಕದ ಹೊಲದ ಅವರ ಜೊತೆಗಾರರಿಗೆ ಬರಿಗಾಲಲ್ಲಿ ಓಡಾಡುವಾಗ ಜಾಲಿಮುಳ್ಳು ಚುಚ್ಚಿ, ನೋವೇ ಗೊತ್ತಾಗದೆ, ಹದಿನೈದು ದಿನದಲ್ಲಿ ಎರಡು ಬೆರಳು ತೆಗೆಸಬೇಕಾಯಿತು. ಶುಗರ್ ಇರೋರು ದಯವಿಟ್ಟು ಹೊಲದಲ್ಲಿ ಚಪ್ಪಲಿ, ಸಾಧ್ಯವಾದರೆ ಶೂ ಹಾಕಿ. ರಾತ್ರಿ ಪಾದ ನೋಡಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ ಬಿಡಿಸಿ ಹೇಳಬೇಕು. ನೀವು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ತಿದ್ದರೆ, ಇದನ್ನು ಓದಿ ನಾಳೆಯಿಂದಲೇ ಮುದ್ದೆ ಅರ್ಧ ಮಾಡಬೇಡಿ. ಮಾತ್ರೆ ಹಳೇ ಊಟದ ಲೆಕ್ಕಕ್ಕೆ ಬರೆದದ್ದು. ಊಟದ ಪಿಷ್ಟ ಇಳಿದು ಮಾತ್ರೆ ಅಷ್ಟೇ ಇದ್ದರೆ ಶುಗರ್ ಇಳಿದುಬಿಡುತ್ತೆ. ಬೆವರು, ಕೈ ನಡುಕ, ಎದೆ ಬಡಿತ, ಕಣ್ಣು ಮಂಜು. ಆಸ್ಪತ್ರೆ ಹತ್ತಿರ ಇರೋ ಪೇಟೆಯವರಿಗಿಂತ, ಒಬ್ಬರೇ ಹೊಲದಲ್ಲಿ ನೀರು ಕಟ್ಟೋ ನಮಗೆ ಇದು ಹೆಚ್ಚು ಅಪಾಯ. ಮೊದಲು ಡಾಕ್ಟರಿಗೆ "ಊಟ ಹೀಗೆ ಬದಲಿಸ್ತೀನಿ" ಅಂತ ಹೇಳಿ, ಮಾತ್ರೆ ಪ್ರಮಾಣ ಸರಿ ಮಾಡಿಸಿ. ಜೇಬಲ್ಲಿ ಯಾವಾಗಲೂ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಮಾತ್ರೆ ನುಂಗಿ ತಿಂಡಿ ತಿನ್ನದೆ ಔಷಧಿ ಹೊಡೆಯೋಕೆ ಹೋಗೋದಂತೂ ಬೇಡವೇ ಬೇಡ. ಕಿಡ್ನಿ ತೊಂದರೆ ಇದ್ದವರು ಕಾಳು ಮೊಟ್ಟೆ ಜಾಸ್ತಿ ಮಾಡೋ ಮುಂಚೆಯೂ ಕೇಳಲೇಬೇಕು.

ಹೊಲದಿಂದ ಹೋದದ್ದು ತಟ್ಟೆಯಿಂದಲೂ ಹೋಯ್ತು

ತಾತನ ಮುದ್ದೆಯ ಪಕ್ಕ ಇದ್ದದ್ದಕ್ಕೆ ಈಗ ಬರ್ತೀನಿ. ಅವರ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ರಾಗಿ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಬದುವಿಗೆ ಹರಳು. ಕಳೆ ಕೀಳುವಾಗ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ ಮಡಿಲಿಗೆ ಬರುತ್ತಿತ್ತು. ಪಿಷ್ಟ, ಪ್ರೋಟೀನ್, ಕೊಬ್ಬು, ನಾರು ಎಲ್ಲವೂ ಒಂದೇ ಹೊಲದಿಂದ. ಯಾರೂ ಲೆಕ್ಕ ಹಾಕಬೇಕಿರಲಿಲ್ಲ. ಆಮೇಲೆ ಕೊಯ್ಲಿಗೆ ಯಂತ್ರ ಬಂತು, ಅದಕ್ಕೆ ನಡುವೆ ತೊಗರಿ ಗಿಡ ಅಡ್ಡಿ. ಕಳೆನಾಶಕ ಬಂತು, ಅಗಲ ಎಲೆಯ ಕಳೆಗೆ ಹೊಡೆದದ್ದು ಅವರೆಯನ್ನೂ ಬಿಡೋದಿಲ್ಲ, ಬೆರಕೆ ಸೊಪ್ಪನ್ನೂ ಬಿಡೋದಿಲ್ಲ. ಖರೀದಿ ಕೇಂದ್ರದಲ್ಲಿ ರಾಗಿಗೆ ಬೆಂಬಲ ಬೆಲೆ ಸಿಗುತ್ತೆ, ಹಾಗಾಗಿ ಇಡೀ ಹೊಲ ರಾಗಿಯೇ. ರೈತನನ್ನು ಬೈಯೋಕಾಗಲ್ಲ, ಆಳು ಸಿಗಲ್ಲ. ಆದರೆ ಬೇಳೆ ದುಡ್ಡು ಕೊಟ್ಟು ತರುವ ವಸ್ತು ಆದ ದಿನದಿಂದ ಸಾರು ತೆಳುವಾಯಿತು.

ಎಷ್ಟು ಬೆಳೆದರೆ ಸಾಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ ಅಂತ ಹೇಳಿದೆ. ಧಾನ್ಯದಿಂದ ಬರುವ ಶಕ್ತಿ ನೂರಕ್ಕೆ 45 ಮೀರಬಾರದು ಅನ್ನೋದು ಅದರ ಲೆಕ್ಕ. ಐದು ಜನರ ಮನೆಗೆ 85 ಗ್ರಾಂ ಲೆಕ್ಕದಲ್ಲಿ ವರ್ಷಕ್ಕೆ 155 ಕೆ.ಜಿ. ಕಾಳು. ಒಂದೂವರೆ ಕ್ವಿಂಟಾಲ್. ಎರಡು ಮೂರು ಎಕರೆ ಖುಷ್ಕಿ ಇರೋ ಮನೆಗೆ ಇದು ದೊಡ್ಡ ಗುರಿ ಅಲ್ಲ.

ಪೂರ್ತಿ ಹಳೇ ಪದ್ಧತಿಗೆ ಹೋಗೋಕೆ ಆಗದವರು ಸಾಲು ಲೆಕ್ಕ ಹಿಡಿಯಬಹುದು. ಕೃಷಿ ವಿಶ್ವವಿದ್ಯಾಲಯದ ಶಿಫಾರಸು ರಾಗಿ 8 ಸಾಲಿಗೆ ತೊಗರಿ 2 ಸಾಲು, ಅವರೆಯಾದರೆ 8ಕ್ಕೆ 1. ಯಂತ್ರಕ್ಕೆ ಅಡ್ಡಿ ಅನ್ನೋರು ಹೊಲದ ಒಂದು ಪಕ್ಕಕ್ಕೆ ಕಾಳಿನ ಪಟ್ಟಿ ಬಿಡಿ, ಅಂಚಿಗೆ ಹುಚ್ಚೆಳ್ಳು ಎರಚಿ, ಜೇನುನೊಣವೂ ಬರುತ್ತೆ. ತೊಗರಿಯಲ್ಲಿ ಬಿಆರ್‌ಜಿ-2 ಹಸಿ ಕಾಯಿಗೂ ಆಗುತ್ತೆ, ಬೇಳೆಗೂ ಆಗುತ್ತೆ. ಹೆಬ್ಬಾಳ ಅವರೆ-4 ಕಾಲ ನೋಡದೆ ಹೂ ಬಿಡುವ ತಳಿ, ಹಿತ್ತಲಲ್ಲಿ ನೀರಿದ್ದರೆ ಬೇಸಿಗೆಯಲ್ಲೂ ಕಾಳು ಕೊಡುತ್ತೆ. ಸೊನೆ ಅವರೆಯ ಸೊಗಡು ಅದರಲ್ಲಿ ಇಲ್ಲ ಅಂತ ದೊಡ್ಡಮ್ಮ ಮೂಗು ಮುರೀತಾರೆ, ಅದು ನಿಜ. ಸೊಪ್ಪಿಗೆ ಹೆಸರಘಟ್ಟದ ಅರ್ಕಾ ಸುಗುಣ ದಂಟು ಒಂದು ಮಡಿ ಹಾಕಿದರೆ ಹಲವು ಸಲ ಕೊಯ್ಯಬಹುದು.

ಅಡುಗೆಮನೆಯ ಕಡೆಯ ಮಾತು ಎರಡಿದೆ. ಕಾಳು ತಿಂದರೆ ಗ್ಯಾಸ್ ಅನ್ನೋರು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿ. ವಾರಕ್ಕೆ ಎರಡು ದಿನದಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸಿ, ಹೊಟ್ಟೆ ಒಗ್ಗಿಕೊಳ್ಳುತ್ತೆ. ಎರಡನೆಯದು ಯಾರೂ ಮಾತಾಡದ ವಿಷಯ. ನಮ್ಮ ಮನೆಗಳಲ್ಲಿ ಹೆಂಗಸರು ಕೊನೆಗೆ ಉಣ್ತಾರೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ಖಾಲಿ, ಮೊಟ್ಟೆ ಮಕ್ಕಳಿಗೆ ಹೋಗಿದೆ, ಉಳಿದದ್ದು ಮುದ್ದೆ ಮತ್ತು ಸಾರಿನ ನೀರು. ಮನೆಯ ಗಂಡಸರ ಶುಗರ್ ಸರಿ ಮಾಡೋಕೆ ಕಾಳು ಬೇಯಿಸಿ, ತಾವು ಬರೀ ಪಿಷ್ಟ ಉಂಡರೆ ಏನು ಬಂತು? ಪಲ್ಯವನ್ನು ಒಲೆಯಿಂದ ಇಳಿಸಿದಾಗಲೇ ತಲೆಗೊಂದು ಬಟ್ಟಲಿನಂತೆ ಹಾಕಿಡಿ. ನಮ್ಮ ಮನೆಯಲ್ಲಿ ದೊಡ್ಡಮ್ಮನ ಬಟ್ಟಲು ಮೊದಲು ತುಂಬುವ ಕೆಲಸ ದೊಡ್ಡಪ್ಪನಿಗೆ ಬಿಟ್ಟಿದ್ದೀವಿ.

ಅಕ್ಕಡಿಗೆ ಬೀಜ ಬೇಕಾದವರು ಮುಂಗಾರು ಬಿತ್ತನೆಗೆ ಮುಂಚೆಯೇ ಹೊಂದಿಸಿಕೊಳ್ಳಿ. ಮಳೆ ಬಿದ್ದ ಮೇಲೆ ತೊಗರಿ ಬೀಜ ಸಿಕ್ಕರೂ ನಾಟಿ ಅವರೆ, ಹುಚ್ಚೆಳ್ಳು ಬೀಜಕ್ಕೆ ಪರದಾಡಬೇಕಾಗುತ್ತೆ. ಮುಂಗಾರು ಕೈಕೊಟ್ಟರೆ ಹುರುಳಿಗೆ ಆಗಸ್ಟ್, ಸೆಪ್ಟೆಂಬರ್ ತನಕ ಸಮಯ ಇದ್ದೇ ಇದೆ. ಮುಂದಿನ ವಾರ ಕಾಳಿಗೆ ಹುಳು ಬೀಳದಂತೆ ಇಡೀ ವರ್ಷ ಕಾಪಾಡೋದು ಹೇಗೆ ಅಂತ ನೋಡೋಣ.